ಫ್ರಾನ್ಸಿನ ಹಳ್ಳಿ ಕಡೆ ನದಿ ಕಣಿವೇಲಿ ನಡೆಯೋದು ಹೇಗೆ? ಬ್ರೆಡ್ಡು, ಹಾಸಿಗೆ, ನೀರು ಮೊದ್ಲು, ಮ್ಯಾಪು ಆಮೇಲೆ

ಫ್ರಾನ್ಸಲ್ಲಿ ಟ್ರೆಕ್ಕಿಂಗ್ ಅಂದ ತಕ್ಷಣ ಎಲ್ರೂ ಆಲ್ಪ್ಸ್ ಅಂತಾರೆ, ಹಿಮ ಅಂತಾರೆ. ಮೊದಲ ಸಲ ಹೋಗೋರಿಗೆ ಅದೆಲ್ಲ ಬೇಡ, ಸೀದಾ ನೈಋತ್ಯ ಭಾಗದ ಸೇಲೆ ನದಿ ಕಣಿವೆಗೆ ಹೋಗಿ ಅಂತೀನಿ ನಾನು. ಫಿಜಾಕ್ ಅನ್ನೋ ಹಳೇ ಊರಿಂದ ಶುರು ಮಾಡಿ, ಓಕ್ ಕಾಡು, ಸುಣ್ಣದಕಲ್ಲಿನ ಬಂಡೆ ಗೋಡೆ, ಸಣ್ಣ ಸಣ್ಣ ಹಳ್ಳಿ ದಾಟ್ಕೊಂಡು, ಸೇಲೆ ಹೋಗಿ ಲಾಟ್ ನದಿಗೆ ಸೇರೋ ಜಾಗದ ಹತ್ರ ಸ್ಯಾಂ-ಸಿರ್-ಲಾಪೊಪಿ ಅನ್ನೋ ಊರಲ್ಲಿ ಮುಗಿಸೋದು, ಆರಾಮಾಗಿ ನಡೆದ್ರೆ ನಾಲ್ಕೈದು ದಿನ. ಕುಮಾರ ಪರ್ವತ ಹತ್ತಿದ ಕಾಲಿಗೆ ಇಲ್ಲಿನ ಏರು ಲೆಕ್ಕಕ್ಕೇ ಇಲ್ಲ. ಆದ್ರೂ ನಮ್ಮೋರು ಇಲ್ಲಿ ಒದ್ದಾಡ್ತಾರೆ, ಯಾಕಂದ್ರೆ ಇಲ್ಲಿ ದಿನ ನಡೆಸೋದು ಗಡಿಯಾರ. ಬೇಕರಿ ಯಾವಾಗ ಮುಚ್ಚತ್ತೆ, ರಾತ್ರಿ ಮಲಗೋದೆಲ್ಲಿ, ನೀರು ಎಲ್ಲಿ ಸಿಗತ್ತೆ, ಇಷ್ಟು ಗೊತ್ತಾದ್ಮೇಲೆ ಮ್ಯಾಪ್ ತೆಗೀರಿ.

ಮೊದ್ಲು ತಿಂಗಳು ಆರಿಸ್ಕೊಳ್ಳಿ

ಏಪ್ರಿಲ್ ಕೊನೆಯಿಂದ ಜೂನ್, ಇಲ್ಲಾಂದ್ರೆ ಸೆಪ್ಟೆಂಬರ್. ಜುಲೈ ಆಗಸ್ಟಲ್ಲಿ ಕೆಲವು ದಿನ ಬಿಸಿಲು 35 ಡಿಗ್ರಿ ದಾಟತ್ತೆ, ಮೇಲಿಂದ ಫ್ರಾನ್ಸಿನೋರೆಲ್ಲ ರಜಾದಲ್ಲಿರ್ತಾರೆ. ಮೇ ತಿಂಗಳು ತುಂಬಾ ಚೆನ್ನ, ಆದ್ರೆ ಮೇ 1, ಮೇ 8 ಎರಡೂ ಸರ್ಕಾರಿ ರಜಾ, ಜೊತೆಗೆ ಒಂದು ಗುರುವಾರ ಕ್ರೈಸ್ತ ಹಬ್ಬದ ರಜಾನೂ ಸಾಮಾನ್ಯವಾಗಿ ಅದೇ ತಿಂಗಳಲ್ಲೇ ಬರತ್ತೆ, ಅವ್ರು ಶುಕ್ರವಾರನೂ ಸೇರಿಸ್ಕೊಂಡು ನಾಲ್ಕು ದಿನ ಊರು ಬಿಡ್ತಾರೆ, ಆ ವಾರ ಹಾಸಿಗೆ ಸಿಗೋದು ಕಷ್ಟ.

ಶೆಂಗೆನ್ ವೀಸಾಗೆ ಪ್ರತಿ ರಾತ್ರಿ ಎಲ್ಲಿ ಉಳ್ಕೋತೀರಿ ಅಂತ ತೋರಿಸ್ಬೇಕು, ಕನಿಷ್ಠ 30,000 ಯೂರೋ ಕವರ್ ಇರೋ ಇನ್ಶೂರೆನ್ಸ್ ಬೇಕು. ಅಂದ್ರೆ ನಡಿಗೆ ಪ್ಲಾನ್ ವೀಸಾಗೆ ಮುಂಚೇನೇ ಆಗಿರ್ಬೇಕು.

ಹಾಸಿಗೆ ಬುಕ್ ಮಾಡೋದು

ಈ ದಾರೀಲಿ ಉಳಿಯೋಕೆ ಇರೋದು ಹೆಚ್ಚಾಗಿ ಜೀತ್ ದೇತಾಪ್, ಅಂದ್ರೆ ನಡೆಯೋರಿಗಂತಾನೇ ಇರೋ ಸಣ್ಣ ವಸತಿ, ಒಂದು ರೂಮಲ್ಲಿ ನಾಲ್ಕರಿಂದ ಎಂಟು ಬೆಡ್. ಎಸ್ಪಾನ್ಯಾಕ್-ಸ್ಯಾಂತ್-ಯುಲಾಲಿ ಅನ್ನೋ ಹಳ್ಳೀಲಿ ಅದು ಹಳೇ ಸನ್ಯಾಸಿನಿಯರ ಮಠದ ಕಟ್ಟಡದೊಳಗೇ ಇದೆ. ಬುಕ್ ಮಾಡುವಾಗ ದೆಮಿ-ಪಾನ್ಸ್ಯೊಂ ಬೇಕು ಅನ್ನಿ: ಹಾಸಿಗೆ, ರಾತ್ರಿ ಊಟ, ಬೆಳಿಗ್ಗೆ ತಿಂಡಿ ಮೂರೂ ಸೇರಿ ಸಾಮಾನ್ಯವಾಗಿ 45ರಿಂದ 60 ಯೂರೋ. ಜಾಸ್ತಿ ಆಯ್ತಲ್ಲ ಅನ್ಸತ್ತೆ, ಆದ್ರೆ ಆ ಹಳ್ಳೀಲಿ ಬೇರೆ ಹೋಟೆಲೇ ಇರಲ್ಲ ಅನ್ನೋದು ಸಂಜೆ ಆರು ಗಂಟೆಗೆ ಅರ್ಥ ಆಗೋ ವಿಷ್ಯ. ಎಷ್ಟೋ ಜೀತ್‌ಗಳು ದೊಡ್ಡ ಬುಕಿಂಗ್ ಆ್ಯಪ್‌ಗಳಲ್ಲಿ ಕಾಣೋದೇ ಇಲ್ಲ, ಇಮೇಲೋ ಫೋನೋ ಮಾಡ್ಬೇಕು. ಹೋಗೋಕೆ ಆಗ್ಲಿಲ್ಲ ಅಂದ್ರೆ ಫೋನ್ ಮಾಡಿ ಹೇಳಿ, ನಿಮಗೆ ಅಂತ ಅಡುಗೆ ಮಾಡಿ ಕಾಯ್ತಿರ್ತಾರೆ, ಕತ್ತಲಾದ್ರೂ ಬರ್ಲಿಲ್ಲ ಅಂದ್ರೆ ದಾರೀಲೇನಾದ್ರೂ ಆಯ್ತಾ ಅಂತ ಗಾಬರಿ ಬೀಳ್ತಾರೆ. ಸಣ್ಣ ಕಡೆ ಕಾರ್ಡ್ ತಗೊಳಲ್ಲ, ಫಿಜಾಕಲ್ಲೇ ಕ್ಯಾಶ್ ತೆಗ್ದಿಟ್ಕೊಳ್ಳಿ.

ಒಳಗೆ ಹೋಗ್ತಿದ್ದಂಗೆ ಶೂ ಬಾಗಿಲಲ್ಲೇ ಬಿಡ್ಬೇಕು, ಅದು ನಮಗೇನು ಹೊಸದಲ್ಲ. ಕೆಲವು ಕಡೆ ಬ್ಯಾಗನ್ನೂ ರೂಮಿಗೆ ಬಿಡಲ್ಲ, ತಿಗಣೆ ಭಯ ಅವ್ರಿಗೆ, ಒಂದು ಡಬ್ಬಾನೋ ಬುಟ್ಟಿನೋ ಕೊಟ್ಟು ಬೇಕಾದ್ದು ಮಾತ್ರ ತಗೊಂಡೋಗಿ ಅಂತಾರೆ. ಬೇಜಾರು ಮಾಡ್ಕೋಬೇಡಿ, ಎಲ್ರಿಗೂ ಅದೇ ರೂಲು. ಕಂಬಳಿ ಕೊಡ್ತಾರೆ, ಬೆಡ್‌ಶೀಟ್ ಎಲ್ಲಾ ಕಡೆ ಇರಲ್ಲ, ಅದಕ್ಕೇ ತೆಳು ಬಟ್ಟೆಯ ಸ್ಲೀಪಿಂಗ್ ಲೈನರ್ ಒಂದು ಇಟ್ಕೊಳ್ಳಿ.

ಊಟದ ಸಮಾಚಾರ

ಇದು ಬಾತುಕೋಳಿ ದೇಶ. ಆಲೂಗಡ್ಡೆನೂ ಬಾತುಕೋಳಿ ಕೊಬ್ಬಲ್ಲೇ ಹುರೀತಾರೆ, ಬರೀ ಸೊಪ್ಪು ಅನ್ಕೊಂಡು ತಗೊಂಡ ಸಲಾಡ್ ಮೇಲೆ ಹಂದಿಮಾಂಸದ ಸಣ್ಣ ತುಂಡು ಉದುರಿಸಿರ್ತಾರೆ. ಹಾಗಾಗಿ ವೆಜಿಟೇರಿಯನ್ ಅಂತ ಒಂದೇ ಮಾತು ಹೇಳಿದ್ರೆ ಸಾಕಾಗಲ್ಲ, ಬುಕ್ ಮಾಡೋವಾಗ್ಲೇ "ಸಾಂ ವ್ಯಾಂದ್, ಸಾಂ ಪ್ವಾಸೋಂ, ಸಾಂ ಲಾರ್ದೋಂ" ಅಂತ ಬರೀರಿ, ಮಾಂಸ ಇಲ್ದೆ ಮೀನಿಲ್ದೆ ಆ ಹಂದಿ ತುಂಡೂ ಇಲ್ದೆ ಅಂತ. ಮೊಟ್ಟೆ ತಿಂತೀರೋ ಇಲ್ವೋ ಅದನ್ನೂ ಹೇಳಿ, ಇಲ್ಲಾಂದ್ರೆ ಮೂರು ರಾತ್ರಿನೂ ಆಮ್ಲೆಟ್. ಇಲ್ಲಿ ಕೈ ಹಿಡಿಯೋದು ರೊಕಮದೂರ್ ಅನ್ನೋ ಆಡಿನ ಹಾಲಿನ ಚೀಸು, ಅಂಗೈಯಲ್ಲಿ ಹಿಡಿಯೋಷ್ಟು ಪುಟ್ಟ ಬಿಲ್ಲೆ, ಒಳಗೆ ಬೆಣ್ಣೆ ಥರ ಮೆತ್ತಗೆ, ಅದನ್ನ ಬ್ರೆಡ್ಡಿಗೆ ಸವರಿ ಮೇಲೆ ಒಂಚೂರು ಚಟ್ನಿಪುಡಿ ಉದುರಿಸಿ ತಿಂದ್ ನೋಡಿ, ಫ್ರೆಂಚರು ಮುಖ ಸಿಂಡರಿಸಿದ್ರೆ ಸಿಂಡರಿಸ್ಲಿ.

ಚಟ್ನಿಪುಡಿ ಅಂದ್ನಲ್ಲ, ಇನ್ನೊಂದು ವಿಷ್ಯ: ಹೊರದೇಶದಿಂದ ಹಾಲಿನ ಪದಾರ್ಥ, ಮಾಂಸ ತರೋ ಹಾಗಿಲ್ಲ ಅಂತ ಯುರೋಪಿಯನ್ ಯೂನಿಯನ್ ನಿಯಮ ಇದೆ. ತುಪ್ಪದ ಬಾಟ್ಲು, ಪೇಡ ಮನೇಲೇ ಬಿಡಿ. ಅಮ್ಮ ಪ್ಯಾಕ್ ಮಾಡೋ ಮಜ್ಜಿಗೆ ಮೆಣಸಿನಕಾಯಿನೂ ಬೇಡ.

ಬೇಕರಿ, ಅಂಗಡಿ ಮಧ್ಯಾಹ್ನ ಸುಮಾರು ಹನ್ನೆರಡೂವರೆಗೆ ಬಾಗಿಲು ಹಾಕಿದ್ರೆ ಮತ್ತೆ ತೆರೆಯೋದು ಮೂರೋ ನಾಲ್ಕೋ ಗಂಟೆಗೆ. ಭಾನುವಾರ ಮಧ್ಯಾಹ್ನದ ಮೇಲೆ ಏನೂ ಇರಲ್ಲ, ಸೋಮವಾರನೂ ಎಷ್ಟೋ ಕಡೆ ರಜಾ. ಈ ಕಣಿವೇಲಿ ಹಳ್ಳಿ ಇದೆ ಅಂದ ಮಾತ್ರಕ್ಕೆ ಅಂಗಡಿ ಇದೆ ಅಂತಲ್ಲ, ಹಾಗಾಗಿ ಫಿಜಾಕ್ ಬಿಡೋವಾಗ್ಲೇ ಎರಡು ಹೊತ್ತಿನ ಬುತ್ತಿ ಬ್ಯಾಗಲ್ಲಿರ್ಲಿ. ಅಂಗಡಿ ಒಳಗೆ ಕಾಲಿಟ್ಟ ತಕ್ಷಣ "ಬೋಂಜೂರ್" ಅನ್ನಿ, ಆಮೇಲೆ ಬೇಕಾದ್ದು ಕೇಳಿ. ಅದನ್ನ ಬಿಟ್ಟು ಸೀದಾ ಇಂಗ್ಲಿಷಲ್ಲಿ ಶುರು ಮಾಡಿದ್ರೆ ಎದುರಿನೋರ ಮುಖ ಗಂಟಾಗತ್ತೆ.

ಗುರುತು ಓದೋದು ಕಲೀರಿ

ನಮ್ಮಲ್ಲಿ ಟ್ರೆಕ್‌ಗೆ ಅರಣ್ಯ ಇಲಾಖೆ ಪರ್ಮಿಶನ್ನು, ಆನ್‌ಲೈನ್ ಟಿಕೆಟ್ಟು, ಗೈಡು. ಈ ದಾರಿಗೆ ಅದ್ಯಾವ್ದೂ ಬೇಡ, ಸುಮ್ನೆ ನಡೀಬಹುದು. 1947ರಲ್ಲಿ ಶುರುವಾದ ಜಿಆರ್ ಅನ್ನೋ ದೂರದಾರಿಗಳ ಜಾಲ ಇಡೀ ದೇಶದಲ್ಲಿದೆ, ನಡಿಗೆ ಫೆಡರೇಶನ್ನಿನ ಸ್ವಯಂಸೇವಕರು ಬ್ರಶ್ ಹಿಡ್ಕೊಂಡು ಬಂದು ಮರ, ಕಲ್ಲು, ಕರೆಂಟ್ ಕಂಬದ ಮೇಲೆ ಬಣ್ಣ ಬಳಿದು ಹೋಗ್ತಾರೆ. ಮೇಲೆ ಬಿಳಿ ಪಟ್ಟಿ, ಕೆಳಗೆ ಕೆಂಪು ಪಟ್ಟಿ, ಇದ್ರೆ ದಾರಿ ಸರಿ. ಅದರ ಕೆಳಗೆ ಬಾಣ ಇದ್ರೆ ಆ ಕಡೆ ತಿರುಗಿ. ಬಿಳಿ ಕೆಂಪು ಗೆರೆ ಅಡ್ಡಡ್ಡ ಕತ್ತರಿ ಥರ ಹಾಕಿದ್ರೆ ಆ ಕಡೆ ಹೋಗ್ಬೇಡಿ. ಹತ್ತು ಹದಿನೈದು ನಿಮಿಷ ಒಂದು ಗುರುತೂ ಕಾಣ್ಲಿಲ್ಲ ಅಂದ್ರೆ ಮುಂದೆ ಸಿಗಬಹುದು ಅಂತ ಹೋಗ್ತಾ ಇರ್ಬೇಡಿ, ಕೊನೇ ಗುರುತಿನ ತನಕ ವಾಪಸ್ ಬನ್ನಿ.

ಇಲ್ಲೊಂದು ಮೋಸ ಇದೆ. ಬಿಳಿ-ಕೆಂಪು ಎಲ್ಲಾ ಜಿಆರ್‌ಗೂ ಒಂದೇ, ಪ್ರತಿ ಗುರುತಲ್ಲೂ ನಂಬರ್ ಬರೆದಿರಲ್ಲ. ಫಿಜಾಕಿಂದ ಹೊರಡೋದು ಜಿಆರ್ 65, ಅದು ಸ್ಪೇನಿನ ಸಾಂತಿಯಾಗೋ ಯಾತ್ರೆಯ ಹಳೇ ದಾರಿ, ಜನನೂ ಜಾಸ್ತಿ. ಬೆದ್ಯುಎರ್ ಅನ್ನೋ ಹಳ್ಳಿ ಹತ್ರ ಅದರಿಂದ ಜಿಆರ್ 651 ಒಡೆದು ಸೇಲೆ ಕಣಿವೆಗೆ ಇಳಿಯತ್ತೆ. ನಿಮಗೆ ಬೇಕಾದ್ದು 651. ಮುಂದಿರೋರ ಬೆನ್ನು ನೋಡ್ಕೊಂಡು ಮಾತಾಡ್ತಾ ಹೋದ್ರೆ ಕಣಿವೆ ತಪ್ಪಿ ಕಾಜಾರ್ಕ್ ಕಡೆ ಹೋಗ್ಬಿಡ್ತೀರಿ. ಕೊನೇಲಿ ಬೂಝಿಯೆಸ್ ಅನ್ನೋ ಹಳ್ಳಿ ಹತ್ರನೂ ಜಿಆರ್ 36 ಬಂದು ಸೇರತ್ತೆ, ಕವಲಿನ ಬೋರ್ಡ್ ನಿಂತು ಓದಿ. ಐಜಿಎನ್ ಅನ್ನೋ ಸರ್ಕಾರಿ ಸಂಸ್ಥೆಯ 1:25,000 ಮ್ಯಾಪ್‌ನಲ್ಲಿ ಒಂದು ಸೆಂಟಿಮೀಟರ್ ಅಂದ್ರೆ 250 ಮೀಟರ್, ಒಂಟಿ ಮನೆ, ಚಿಲುಮೆನೂ ಕಾಣತ್ತೆ. ಬಂಡೆ ಮಧ್ಯೆ ನೆಟ್‌ವರ್ಕ್ ಕೈ ಕೊಡತ್ತೆ, ಮೊದ್ಲೇ ಡೌನ್‌ಲೋಡ್ ಮಾಡ್ಕೊಳ್ಳಿ.

ನೀರು, ಮತ್ತೆ ಕಣಿವೆ ಅಂದ್ರೆ ಸಪಾಟಲ್ಲ ಅನ್ನೋದು

ನದಿ ಕಣಿವೆ ನಡಿಗೆ ಅಂದ್ರೆ ನದಿ ಪಕ್ಕಾನೇ ಹೋಗ್ತೀವಿ ಅನ್ಕೋಬೇಡಿ. ಎಷ್ಟೋ ಕಡೆ ನೀರಿನ ಅಂಚಿಗೇ ಬಂಡೆ ಗೋಡೆ ನಿಂತಿರತ್ತೆ, ದಾರಿ ಮೇಲಿನ ಬಯಲಿಗೆ ಹತ್ತಿ ಮತ್ತೆ ಇಳಿಯತ್ತೆ, ದಿನಕ್ಕೆ ಎರಡು ಮೂರು ಸಲ. ಆ ಬಯಲಿಗೆ ಕೋಸ್ ಅಂತಾರೆ. ಪೂರ್ತಿ ಸುಣ್ಣದಕಲ್ಲು, ಬಿದ್ದ ಮಳೆ ಬಿರುಕಲ್ಲಿ ಇಳಿದು ನೆಲದೊಳಗೇ ಹರಿದು ಕೆಳಗೆ ಕಣಿವೇಲಿ ಊಟೆಯಾಗಿ ಬರತ್ತೆ, ಮೇಲೆ ಒಂದು ತೊರೆನೂ ಇಲ್ಲ. ಅದಕ್ಕೇ ಕಾಡು ಕೂಡ ಕುಳ್ಳು: ಸಣ್ಣ ಓಕ್ ಮರ, ಜೂನಿಪರ್ ಪೊದೆ, ಪಾಚಿ ಹಿಡಿದ ಕಲ್ಲಿನ ಗೋಡೆ, ಗಾರೆ ಇಲ್ದೆ ಕಲ್ಲು ಪೇರಿಸಿ ಕಟ್ಟಿದ ಕುರುಬರ ಗುಂಡು ಗುಡಿಸಲು. ಅಲ್ಲಿ ಮೇಯೋ ಕುರಿಗಳ ಕಣ್ಣು ಸುತ್ತ, ಕಿವಿಗೆ ಮಾತ್ರ ಕಪ್ಪು, ಮಿಕ್ಕಿದ್ದೆಲ್ಲ ಬಿಳಿ, ಕೂಲಿಂಗ್ ಗ್ಲಾಸ್ ಹಾಕ್ಕೊಂಡು ನಿಂತಂಗೆ ಕಾಣತ್ತೆ. ಗೇಟ್ ತೆಗೆದ್ರೆ ಮರೀದೆ ಮುಚ್ಚಿ.

ನೀರು ಎರಡು ಲೀಟರ್ ಇಟ್ಕೊಂಡೇ ಮೇಲೆ ಹತ್ತಿ. ಖಾಲಿ ಆದ್ರೆ ಎಲ್ಲಿ ತುಂಬಿಸೋದು ಅಂದ್ರೆ, ಸ್ಮಶಾನದಲ್ಲಿ. ತಮಾಷೆ ಅಲ್ಲ, ಇಲ್ಲಿ ನಡೆಯೋರೆಲ್ಲ ಮಾಡೋದು ಅದನ್ನೇ. ಹಳ್ಳಿ ಚರ್ಚಿನ ಹತ್ರ ಇರೋ ಸ್ಮಶಾನದಲ್ಲಿ ಗೋರಿ ಮೇಲಿನ ಹೂಗಿಡಕ್ಕೆ ನೀರು ಹಾಕೋಕೆ ಅಂತ ಗೇಟ್ ಪಕ್ಕ ನಲ್ಲಿ ಇರತ್ತೆ, ಒಂದೆರಡು ಹಸಿರು ಪ್ಲಾಸ್ಟಿಕ್ ಕ್ಯಾನ್ ನೇತಾಕಿರ್ತಾರೆ. "ಓ ನೋಂ ಪೊತಾಬ್ಲ್" ಅಂತ ಬೋರ್ಡ್ ಇದ್ರೆ ಮಾತ್ರ ಕುಡೀಬೇಡಿ. ಮಡಿ ಮೈಲಿಗೆ ಅನ್ನೋರು ಅಂಗಳದಲ್ಲಿ ಕಂಡ ಮನೆಯೋರನ್ನ ಕೇಳಿ, ಬಾಟ್ಲು ತೋರಿಸಿ "ಬೋಂಜೂರ್" ಅಂದ್ರೆ ತುಂಬಿಸಿ ಕೊಡ್ತಾರೆ.

ಕಾಡಲ್ಲಿ ಹುಷಾರು

ಇಂಬಳ ಇಲ್ಲ, ಆ ಖುಷಿ ಪಡಿ. ಉಣುಗು ಇದೆ. ಮಲೆನಾಡಿನೋರಿಗೆ ಮಂಗನ ಕಾಯಿಲೆಯಿಂದ ಉಣುಗು ಅಂದ್ರೆ ಏನು ಅಂತ ಹೇಳ್ಕೊಡ್ಬೇಕಾಗಿಲ್ಲ, ಇಲ್ಲಿ ಅದು ಹರಡೋದು ಲೈಮ್ ಕಾಯಿಲೆ. ಉದ್ದ ಪ್ಯಾಂಟ್ ಹಾಕಿ, ಸಂಜೆ ಸ್ನಾನ ಮಾಡೋವಾಗ ಮಂಡಿ ಹಿಂದೆ, ಕಂಕುಳು, ಸೊಂಟದ ಎಲಾಸ್ಟಿಕ್ ಕೆಳಗೆ ಮುಟ್ಟಿ ನೋಡ್ಕೊಳ್ಳಿ. ಅಂಟಿದ್ರೆ ಎಣ್ಣೆ, ಬೆಂಕಿಕಡ್ಡಿ ಅದೂ ಇದೂ ಬೇಡ, ಫಾರ್ಮಸೀಲಿ ತೀರ್-ತೀಕ್ ಅನ್ನೋ ಸಣ್ಣ ಕೊಕ್ಕೆ ಸಿಗತ್ತೆ, ಚರ್ಮಕ್ಕೆ ಒತ್ತಿ ಇಟ್ಟು ನಿಧಾನಕ್ಕೆ ತಿರುಗಿಸಿ ತೆಗೀರಿ. ಆಮೇಲಿನ ದಿನಗಳಲ್ಲೋ ವಾರಗಳಲ್ಲೋ ಕಚ್ಚಿದ ಜಾಗದ ಸುತ್ತ ಕೆಂಪು ಹರಡ್ತಾ ಹೋದ್ರೆ, ಅಷ್ಟೊತ್ತಿಗೆ ಬೆಂಗಳೂರಲ್ಲಿದ್ರೂ ಸರಿ, ಡಾಕ್ಟರಿಗೆ ಫ್ರಾನ್ಸ್ ವಿಷ್ಯ ಹೇಳಿ ತೋರಿಸಿ.

ಸೆಪ್ಟೆಂಬರಿಂದ ಫೆಬ್ರವರಿ ತನಕ ಬೇಟೆ ಸೀಸನ್ನು, ಅಲ್ಲಿ ಅದು ಕಾನೂನುಬದ್ಧ. "ಶಾಸ್ ಆಂ ಕೂರ್" ಅಂತ ಬೋರ್ಡ್ ಕಂಡ್ರೆ ಬಂದೂಕು ಹಿಡಿದೋರು ಕಾಡಲ್ಲಿದ್ದಾರೆ ಅಂತ ಅರ್ಥ, ಕಿತ್ತಳೆ ಬಣ್ಣದ ಜಾಕೆಟ್ ಹಾಕಿ, ಜೋರಾಗಿ ಮಾತಾಡ್ಕೊಂಡು ಹೋಗಿ, ದಾರಿ ಬಿಟ್ಟು ಪೊದೆಗೆ ನುಗ್ಬೇಡಿ. ಎಮರ್ಜೆನ್ಸಿ ನಂಬರ್ 112.

ಕೊನೇ ಎರಡು ದಿನ

ಕಾಬ್ರೆರೆ ಊರಿನ ಮೇಲೆ ಪೆಶ್ ಮೆರ್ಲ್ ಗುಹೆ ಇದೆ, 1922ರಲ್ಲಿ ಸಿಕ್ಕಿದ್ದು, ಒಳಗೆ 25,000 ವರ್ಷಕ್ಕೂ ಹಳೇ ಚುಕ್ಕಿ ಕುದುರೆಗಳ ಚಿತ್ರ, ಅದರ ಸುತ್ತ ಕೈ ಇಟ್ಟು ಬಣ್ಣ ಊದಿದ ಅಚ್ಚು. ಇದು ಕಾಪಿ ಅಲ್ಲ, ಅಸಲಿ ಗುಹೆನೇ, ಅದಕ್ಕೇ ದಿನಕ್ಕೆ ಇಷ್ಟೇ ಜನ ಅಂತ ಮಿತಿ ಇಟ್ಟಿದ್ದಾರೆ. ಟಿಕೆಟ್ ಮೊದ್ಲೇ ಬುಕ್ ಮಾಡಿ, ಆ ಟೈಮಿಗೆ ತಕ್ಕಂಗೆ ನಡಿಗೆ ಇಟ್ಕೊಳ್ಳಿ. ಅಲ್ಲಿಂದ ಬೂಝಿಯೆಸ್, ಆಮೇಲೆ ಲಾಟ್ ನದಿ ಅಂಚಲ್ಲಿ ಬಂಡೇನೇ ಕೊರೆದು ಮಾಡಿದ ದಾರಿ: ತಲೆ ಮೇಲೂ ಬಂಡೆ, ಒಂದು ಪಕ್ಕಾನೂ ಬಂಡೆ, ಇನ್ನೊಂದು ಪಕ್ಕ ಹಸಿರು ನೀರು. 19ನೇ ಶತಮಾನದಲ್ಲಿ ಸರಕಿನ ದೋಣಿಗಳನ್ನ ದಡದಿಂದ ಹಗ್ಗ ಕಟ್ಟಿ ಎಳೆಯೋಕೆ ಮಾಡಿದ್ದು. ಬಂಡೆ ಬೀಳೋ ಭಯಕ್ಕೆ ಮುಚ್ಚಿದ ಬೋರ್ಡ್ ಇದ್ರೆ ದಾಟಿ ಹೋಗೋ ಧೈರ್ಯ ಬೇಡ, ಬೇರೆ ದಾರಿ ತಗೊಳ್ಳಿ.

ಸ್ಯಾಂ-ಸಿರ್-ಲಾಪೊಪಿ ಬಂಡೆ ನೆತ್ತಿಗೆ ಅಂಟ್ಕೊಂಡಂಗಿರೋ ಊರು, 2012ರಲ್ಲಿ ಫ್ರೆಂಚರ ಅಚ್ಚುಮೆಚ್ಚಿನ ಹಳ್ಳಿ ಅಂತ ಟಿವಿ ವೋಟಿಂಗಲ್ಲಿ ಗೆದ್ದಿದ್ದು, ಅದಾದ್ಮೇಲೆ ಹಗಲಲ್ಲಿ ಟೂರಿಸ್ಟ್ ಜಾತ್ರೆ. ರಾತ್ರಿ ಅಲ್ಲೇ ಉಳ್ಕೊಳ್ಳಿ, ಬಸ್ಸು ಕಾರೆಲ್ಲ ಹೋದ್ಮೇಲೆ ಊರು ನಿಮ್ದು.

ಕಾಓರ್‌ ಅನ್ನೋ ದೊಡ್ಡ ಊರಿನ ತನಕ ನಡೀಬಹುದು, ಆದ್ರೆ ಅದು ಉದ್ದ, ಕಣಿವೆ ಕಂಡೋರಿಗೆ ಅಷ್ಟೇನೂ ಹೊಸದಿಲ್ಲ. ನಾನಾದ್ರೆ ಕೆಳಗಿನ ತೂರ್-ದ-ಫೋರ್‌ಗೆ ಇಳಿದು ಬಸ್ ಹಿಡೀತೀನಿ. ಕಾಓರ್ ಸ್ಟೇಷನ್ನಿಂದ ಪ್ಯಾರಿಸ್ ಓಸ್ತರ್‌ಲಿಟ್ಸ್‌ಗೆ ಡೈರೆಕ್ಟ್ ಟ್ರೈನ್ ಇದೆ, ಐದು ಗಂಟೆ ಮೇಲೇನೇ ಬೇಕು. ಭಾನುವಾರ ಬಸ್ ಕಮ್ಮಿ, ಟೈಮ್‌ಟೇಬಲ್ಲು ಸ್ಕೂಲ್ ರಜಾದಲ್ಲಿ ಬದಲಾಗತ್ತೆ, ಹಿಂದಿನ ಸಂಜೆನೇ ಜೀತ್‌ನವರ ಹತ್ರ ಕೇಳಿ ಖಚಿತ ಮಾಡ್ಕೊಳ್ಳಿ, ಟ್ರೈನಿಗೆ ಎರಡು ಗಂಟೆ ಗ್ಯಾಪ್ ಇಟ್ಟೇ ಟಿಕೆಟ್ ತಗೊಳ್ಳಿ.