ಲ್ವಿವ್ ಊರಿನ ಜನರನ್ನು ತೊಗರಿ ಕಾಳಿನಲ್ಲಿ ಎಣಿಸಿದ್ದು

2022ರ ಮಾರ್ಚ್. ಕಲಬುರಗಿಯಲ್ಲಿ ಶರಣಬಸವೇಶ್ವರರ ಜಾತ್ರೆ ಹತ್ತಿರ ಬಂದಿತ್ತು. ನಾನು ಪದವಿಪೂರ್ವ ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಕಲಿಸುತ್ತೇನೆ. ರಷ್ಯಾ ಯುದ್ಧ ಶುರು ಮಾಡಿದ್ದರಿಂದ ಉಕ್ರೇನ್‌ನಲ್ಲಿ ಮೆಡಿಕಲ್ ಓದುತ್ತಿದ್ದ ಹುಡುಗರು ಆಗ ವಾಪಸ್ ಬರುತ್ತಿದ್ದರು, ಕ್ಲಾಸಿನಲ್ಲೂ ಅದೇ ಮಾತು. ಒಬ್ಬ ಹುಡುಗಿ ಕೇಳಿದಳು: "ಸರ್, ಮನಿ ಬಿಟ್ಟು ಓಡಿದವರೆಲ್ಲ ಒಂದೇ ಊರಿಗಿ ಹೋದ್ರ, ಆ ಊರಿನ ಜನಸಂಖ್ಯೆ ಎಷ್ಟಂತ ಬರೀತಾರ್ರೀ?"

ಅವತ್ತಿನ ಪಾಠ ಅಲ್ಲಿಗೇ ನಿಂತಿತು. ಮರುದಿನ ಮನೆಯಿಂದ ಒಂದು ಡಬ್ಬಿ ತೊಗರಿ ಕಾಳು ತಂದೆ. ನಮ್ಮ ಕಡೆ ಅದಕ್ಕೇನು ಬರವೇ? ಒಂದು ಕಾಳು ಅಂದರೆ 10,000 ಜನ. ಪಶ್ಚಿಮ ಉಕ್ರೇನ್‌ನ ಲ್ವಿವ್ ನಗರ ತೆಗೆದುಕೊಂಡೆವು. ಅದು ಪೋಲೆಂಡ್ ಗಡಿಯಿಂದ ಸುಮಾರು 70 ಕಿ.ಮೀ. ದೂರ. ಯುದ್ಧಕ್ಕೆ ಮೊದಲು ಅಲ್ಲಿ ಸುಮಾರು 7.2 ಲಕ್ಷ ಜನ, ಅಂದರೆ 72 ಕಾಳು. 2 ಲಕ್ಷಕ್ಕೂ ಜಾಸ್ತಿ ಜನ ಬಂದು ಸೇರಿದ್ದಾರೆ ಎಂದು ಅಲ್ಲಿನ ಮೇಯರ್ ಆಂಡ್ರಿಯ್ ಸಡೊವಿಯ್ ಹೇಳಿದ್ದರು. ಇನ್ನೂ 20 ಕಾಳು ಹಾಕಿದೆ. 92. ಮುಗೀತು ಅಂದುಕೊಂಡೆ.

ಅಂದಾಜು ಸಿಗಲಿ ಅಂತ ಪಕ್ಕದಲ್ಲಿ ನಮ್ಮ ಊರನ್ನೂ ಇಟ್ಟೆವು. 2011ರ ಗಣತಿಯಲ್ಲಿ ಕಲಬುರಗಿ ನಗರದಲ್ಲಿ 5.33 ಲಕ್ಷ ಜನ, 53 ಕಾಳು. ಅದೇ ಪ್ರಮಾಣದಲ್ಲಿ ಇಲ್ಲಿಗೆ ಜನ ಬಂದರೆ 15 ಕಾಳು, ಒಂದೂವರೆ ಲಕ್ಷ. ಹುಡುಗರು ಮೊದಲು ನೀರಿನ ಮಾತು ತೆಗೆದರು. ಬೇಸಿಗೆಯಲ್ಲಿ ಬೆಣ್ಣೆತೊರೆ, ಭೀಮಾ ನೀರು ನಮಗೇ ಸಾಲುವುದಿಲ್ಲ.

ಹಿಂದಿನ ಬೆಂಚಿನವನೊಬ್ಬ ಎದ್ದ. "ಸರ್, ಈ 20 ಕಾಳು ದಿನಾ ಅವೇ ಏನ್ರೀ, ಬ್ಯಾರೆ ಬ್ಯಾರೆಯೋ?"

ನನ್ನ ಲೆಕ್ಕ ತಪ್ಪಿದ್ದು ಅಲ್ಲೇ. ಪೂರ್ವದಿಂದ ರೈಲಿನಲ್ಲಿ ಬಂದವರು ಲ್ವಿವ್‌ನಲ್ಲಿ ಒಂದೆರಡು ರಾತ್ರಿ ಕಳೆದು ಪೋಲೆಂಡ್‌ಗೆ ದಾಟುತ್ತಿದ್ದರು. ಅವರು ಬಿಟ್ಟ ಜಾಗಕ್ಕೆ ಮತ್ತೊಂದು ಗುಂಪು. ಲ್ವಿವ್‌ನವರೇ ಎಷ್ಟೋ ಜನ ಗಡಿ ದಾಟಿದ್ದರು, ಆ 72ರಲ್ಲಿ ಕಾಳು ತೆಗೆಯುವುದನ್ನು ನಾನು ಮರೆತೇಬಿಟ್ಟಿದ್ದೆ. ಬಂದವರನ್ನು ಕೂಡಿಸುವುದು ಎಲ್ಲರಿಗೂ ನೆನಪಿರುತ್ತದೆ, ಹೋದವರನ್ನು ಕಳೆಯುವುದು ನೆನಪಿರುವುದಿಲ್ಲ. ಹುಡುಗರಿಗೆ ಜಾತ್ರೆ ತೋರಿಸಿದೆ. ತೇರಿನ ದಿನ ಊರಿನಲ್ಲಿ ಎಷ್ಟು ಜನ, ಆ ರಾತ್ರಿ ಮಲಗಿದವರೆಷ್ಟು, ಒಂದು ತಿಂಗಳಾದ ಮೇಲೆ ಉಳಿದವರೆಷ್ಟು? ಮೂರೂ ಬೇರೆ ಲೆಕ್ಕ.

ಇನ್ನೊಬ್ಬ, ಸರ್ಕಾರದ ನೋಂದಣಿ ಪಟ್ಟಿ ನೋಡಿದರೆ ಸಾಕಲ್ವಾ ಅಂದ. ಪಟ್ಟಿಯ ಕಥೆ ಇನ್ನೂ ಮಜಾ. 2014ರಲ್ಲಿ ಪೂರ್ವ ಉಕ್ರೇನ್‌ನ ಡಾನ್‌ಬಾಸ್ ಪ್ರದೇಶದಲ್ಲಿ ಯುದ್ಧ ಶುರುವಾದ ಮೇಲೆ, ಸರ್ಕಾರದ ಕೈತಪ್ಪಿದ ಕಡೆಯ ಮುದುಕರಿಗೆ ಪಿಂಚಣಿ ಬೇಕೆಂದರೆ 'ನೆಲೆ ತಪ್ಪಿದವರು' ಎಂದು ಹೆಸರು ಬರೆಸಲೇಬೇಕಿತ್ತು. ಅವರು ಈಚೆ ಬರುತ್ತಿದ್ದರು, ಹೆಸರು ಬರೆಸಿ ಹಣ ತೆಗೆದುಕೊಂಡು ತಮ್ಮ ಮನೆಗೇ ಹಿಂದಿರುಗುತ್ತಿದ್ದರು. ಪಟ್ಟಿಯಲ್ಲಿ ಇದ್ದಾರೆ, ಊರಲ್ಲಿ ಇಲ್ಲ. ಇತ್ತ ನಿಜವಾಗಿ ಬಂದ ಗಂಡಸರಲ್ಲಿ ಕೆಲವರು ಸೇನೆಗೆ ಕರೆ ಬಂದೀತು ಎಂಬ ಅಂಜಿಕೆಗೆ ಹೆಸರೇ ಕೊಡುತ್ತಿರಲಿಲ್ಲ. ನಮ್ಮ ಹುಡುಗರಿಗೆ ಇದು ಬೇಗ ಹತ್ತಿತು. ಚಿಂಚೋಳಿ ಕಡೆಯ ತಾಂಡಾಗಳಲ್ಲಿ ರೇಷನ್ ಕಾರ್ಡು ಮನೆಯಲ್ಲಿರುತ್ತದೆ, ಮಂದಿ ಪುಣೆಯಲ್ಲಿ ದುಡಿಯುತ್ತಿರುತ್ತಾರೆ.

ಹಾಗಾದರೆ ಎಣಿಸುವುದು ಹೇಗೆ? ಅಂತರರಾಷ್ಟ್ರೀಯ ವಲಸೆ ಸಂಸ್ಥೆಯವರು ಮೊಬೈಲ್ ನಂಬರುಗಳನ್ನು ಸುಮ್ನೆ ಚೀಟಿ ಎತ್ತಿದಂತೆ ಆರಿಸಿ ಸುಮಾರು 2,000 ಜನರನ್ನು ಮಾತಾಡಿಸಿದರು. 2022ರ ಮೇ ಹೊತ್ತಿಗೆ ದೇಶದೊಳಗೇ ಮನೆ ಬಿಟ್ಟವರು ಸುಮಾರು 80 ಲಕ್ಷ ಎಂಬ ಅಂದಾಜು ಬಂತು. ದೇಶಕ್ಕೆ ಇದು ನಡೆಯುತ್ತದೆ. ಒಂದೇ ಊರಿಗೆ ಇಳಿಸಿದರೆ ಆ 2,000 ಜನರಲ್ಲಿ ಅಲ್ಲಿನವರು ಸಿಗುವುದು ತೀರಾ ಕಡಿಮೆ. ಉಕ್ರೇನ್‌ನಲ್ಲಿ ಕೊನೆಯ ಜನಗಣತಿ ಆದದ್ದು 2001ರಲ್ಲಿ, ಬುನಾದಿಯೇ ಹಳೆಯದು. ಆದರೆ 2011ರ ಅಂಕಿ ಹಿಡಿದು ಕೂತ ನಾವು ನಗುವ ಹಾಗಿಲ್ಲ.

ಕಾಳುಗಳನ್ನು ವಯಸ್ಸಿನ ಪ್ರಕಾರ ಸಾಲಾಗಿ ಜೋಡಿಸಲು ಹೋದಾಗ ನನಗೇ ತಲೆ ಕೆಟ್ಟಿತು. ಯುದ್ಧ ಶುರುವಾದಾಗಲೇ 18ರಿಂದ 60 ವರ್ಷದ ಗಂಡಸರು ದೇಶ ಬಿಡಬಾರದು ಎಂದು ಆಜ್ಞೆಯಾಗಿತ್ತು. ಗಡಿ ದಾಟಿದವರಲ್ಲಿ ಹೆಂಗಸರು, ಮಕ್ಕಳೇ ಜಾಸ್ತಿ. ಅಂದರೆ ಲ್ವಿವ್‌ನ ಒಟ್ಟು ಸಂಖ್ಯೆ ಮೊದಲಿನಷ್ಟೇ ಇದ್ದರೂ ಒಳಗಿನ ಜನ ಬೇರೆ ಆಗಿರಬಹುದು. ಬಾಣಂತಿ ವಾರ್ಡು ಎಷ್ಟು, ಶಾಲೆಯ ಕೋಣೆ ಎಷ್ಟು ಎಂಬುದಕ್ಕೆಲ್ಲ 92 ಎಂಬ ಅಂಕಿ ಏನೂ ಹೇಳುವುದಿಲ್ಲ.

ಆ ಸಂಜೆ ಕಾಳು ಡಬ್ಬಿಗೆ ತುಂಬುವಾಗ ನೆನಪಾದದ್ದು ನಮ್ಮ ಕಾಕಾ.

ನಮ್ಮದು ಆಳಂದ ತಾಲ್ಲೂಕಿನ ಹಳ್ಳಿ. ಆಗ ಇದು ಹೈದರಾಬಾದ್ ನಿಜಾಮನ ಸಂಸ್ಥಾನ. ನಿಜಾಮನ ಪರ ನಿಂತ ಪಡೆಯಾದ ರಜಾಕಾರರ ಗದ್ದಲದಲ್ಲಿ ಅಜ್ಜಿ, ಅಜ್ಜ ಗಾಡಿ ಕಟ್ಟಿಕೊಂಡು ಸೊಲ್ಲಾಪುರದ ಕಡೆ ಓಡಿದ್ದರು. ಕಾಕಾ ಹುಟ್ಟಿದ್ದು ಅಲ್ಲೇ, ಯಾರದೋ ದನದ ಕೊಟ್ಟಿಗೆಯಲ್ಲಿ, 1948ರಲ್ಲಿ. ಆ ಸೆಪ್ಟೆಂಬರ್‌ನಲ್ಲಿ ಭಾರತದ ಸೇನೆ ಸಂಸ್ಥಾನಕ್ಕೆ ನುಗ್ಗಿದ ಪೊಲೀಸ್ ಕಾರ್ಯಾಚರಣೆ ಆದ ಮೇಲೆ ಇವರು ಊರಿಗೆ ಮರಳಿದರು. ಆಗ ನಮ್ಮ ಜಿಲ್ಲೆಗಳ ಎಷ್ಟೋ ಮುಸ್ಲಿಂ ಮನೆಗಳವರು ಜೀವ ಕೈಯಲ್ಲಿ ಹಿಡಿದು ಹೈದರಾಬಾದ್ ಶಹರದ ದಾರಿ ಹಿಡಿದಿದ್ದರು. ಜನಗಣತಿ ಆದದ್ದು 1941ರಲ್ಲಿ, ಆಮೇಲೆ 1951ರಲ್ಲಿ. 1951ರಲ್ಲಿ 'ನಿರಾಶ್ರಿತರು' ಎಂದು ಬರೆದುಕೊಂಡದ್ದು ಪಾಕಿಸ್ತಾನದಿಂದ ಬಂದವರನ್ನು ಮಾತ್ರ.

2011ರ ಫೆಬ್ರುವರಿಯಲ್ಲಿ ನಾನೇ ಗಣತಿದಾರ. ಕಾಕಾನ ಮನೆ ನನ್ನ ಬ್ಲಾಕಿನಲ್ಲೇ ಬಂದಿತ್ತು. ವಲಸೆಯ ಕಾರಣಕ್ಕೆ ಫಾರಂನಲ್ಲಿ ಕೆಲಸ, ವ್ಯಾಪಾರ, ಓದು, ಮದುವೆ, ಹುಟ್ಟಿದ ಮೇಲೆ ಬಂದದ್ದು, ಮನೆಯವರ ಜೊತೆ ಬಂದದ್ದು, ಇತರೆ ಅಂತ ಇತ್ತು. ಕಾಕಾ ಚಹಾ ಕುಡಿಯುತ್ತ, "ಗದ್ಲದಾಗ ಹುಟ್ಟೀನಿ ಅಂತ ಬರಕೋ" ಅಂದರು. ಅದಕ್ಕೆ ಕೋಡ್ ಇರಲಿಲ್ಲ. ಹುಟ್ಟಿದ ಜಾಗ: ಸೊಲ್ಲಾಪುರ ಜಿಲ್ಲೆ, ಮಹಾರಾಷ್ಟ್ರ. ಕಾರಣ: ಹುಟ್ಟಿದ ಮೇಲೆ ಬಂದದ್ದು. ಹಾಗೇ ಬರೆದು ಮುಂದಿನ ಮನೆಗೆ ಹೋದೆ.