ಫೋಕಸ್ ರಿಂಗ್ ತಿರುಗದ ಲೆನ್ಸ್‌ನಲ್ಲಿ ಜೇಡದ ಕಣ್ಣು ಹಿಡಿದಿದ್ದು: ನನ್ನ ಅನುಭವ

ಫೋಕಸ್ ರಿಂಗ್ ಜಾಮ್ ಆಗಿದ್ದ ಹಳೇ 28 ಎಂಎಂ ಮ್ಯಾನುವಲ್ ಲೆನ್ಸ್ ಕೊಂಡಾಗ ಜೊತೆಗೆ ಫೋಟೋ ತೆಗೆಯುವವರೆಲ್ಲ ನಕ್ಕಿದ್ದರು. "ದುಡ್ಡು ಕೂಡಿಟ್ಟು ಒಂದು ಮ್ಯಾಕ್ರೋ ಲೆನ್ಸ್ ತಗೋ ಮಾರಾಯ, ಈ ಗುಜರಿ ಯಾಕೆ?" ಅಂದರು. (ಮ್ಯಾಕ್ರೋ ಅಂದರೆ ಹುಳದಂಥ ಪುಟ್ಟದ್ದನ್ನು ದೊಡ್ಡದಾಗಿ ಹಿಡಿಯುವ ಲೆನ್ಸ್.) ಈಗ ಅವರಲ್ಲೇ ಇಬ್ಬರು ಇಂಥದ್ದೇ ಗುಜರಿ ಹುಡುಕುತ್ತಿದ್ದಾರೆ.

ಇಂಥ ಲೆನ್ಸನ್ನು ಕ್ಯಾಮೆರಾಗೆ ಹಿಂದುಮುಂದಾಗಿ ಸಿಕ್ಕಿಸಿದರೆ ಪುಟ್ಟ ಹುಳವೂ ದೊಡ್ಡದಾಗಿ ಕಾಣುತ್ತದೆ. ಹಾಗೆ ಉಲ್ಟಾ ಹಾಕಿದ ಮೇಲೆ ಫೋಕಸ್ ರಿಂಗಿಗೆ ಕೆಲಸವೇ ಇರುವುದಿಲ್ಲ, ಅಲ್ವಾ? ನಾವೇ ಹಿಂದೆ ಮುಂದೆ ಸರಿದು ಫೋಕಸ್ ಮಾಡುತ್ತೇವೆ. ಹಾಗಾಗಿ ಮಾರುವವನಿಗೆ ಕೆಟ್ಟ ಮಾಲು, ನನಗೆ ಲಾಭ. ಅಪರ್ಚರ್ ಬ್ಲೇಡುಗಳಿಗೆ (ಬೆಳಕಿನ ಕಂಡಿಯನ್ನು ಹಿರಿದು ಕಿರಿದು ಮಾಡುವ ತೆಳು ರೆಕ್ಕೆಗಳಿಗೆ) ಎಣ್ಣೆ ಹಿಡಿದಿರಬಾರದು, ಅಷ್ಟೇ ನೋಡಿದ್ದು. ಲೆನ್ಸ್, ಅದನ್ನು ಉಲ್ಟಾ ಕೂರಿಸುವ ರಿವರ್ಸ್ ರಿಂಗ್ ಎರಡೂ ಸೇರಿ ಹೊಸ ಮ್ಯಾಕ್ರೋ ಲೆನ್ಸಿನ ಇಪ್ಪತ್ತರಲ್ಲಿ ಒಂದು ಪಾಲೂ ಆಗಲಿಲ್ಲ.

ಅದಕ್ಕೂ ಮೊದಲು ಕಳೆದ ದುಡ್ಡು ಬೇರೆ ಇದೆ. ಕ್ಲೋಸ್‌ಅಪ್ ಫಿಲ್ಟರ್ (ಲೆನ್ಸಿನ ಮುಂದೆ ಹಾಕುವ ಭೂತಗನ್ನಡಿ) ಸೆಟ್ಟು ತಂದೆ, ಅಂಚೆಲ್ಲ ಮಸುಕು. ಕ್ಯಾಮೆರಾವನ್ನು ಚೂರು ಚೂರೇ ಹಿಂದೆ ಮುಂದೆ ಸರಿಸುವ ಫೋಕಸಿಂಗ್ ರೇಲ್ ತಂದೆ, ತಿರುಪು ತಿರುಗಿಸುವಷ್ಟರಲ್ಲಿ ಹುಳ ಇನ್ನೊಂದು ಎಲೆಯ ಮೇಲೆ. ದೊಡ್ಡ ದಂಡ ಅಂದರೆ ಎಲ್‌ಇಡಿ ರಿಂಗ್ ಲೈಟ್. ಬೆಳಕು ಸಾಲದೆ ಕ್ಯಾಮೆರಾ ಬೆಳಕು ಹಿಡಿಯುವ ಸೂಕ್ಷ್ಮತೆ, ಅಂದರೆ ಐಎಸ್‌ಓ 3200ಕ್ಕೆ ಹೋಯಿತು. ಸಾಲದ್ದಕ್ಕೆ ಜೇಡದ ಒಂದೊಂದು ಕಣ್ಣಿನಲ್ಲೂ ಬಿಳಿ ಬಳೆ ತೊಡಿಸಿದ ಹಾಗೆ ಪ್ರತಿಬಿಂಬ. ಅದನ್ನು ಎಡಿಟಿಂಗ್‌ನಲ್ಲಿ ಅಳಿಸುತ್ತಾ ಕೂತರೆ ಬೆಳಗಾಗುತ್ತದೆ.

28 ಎಂಎಂ ಉಲ್ಟಾ ಹಾಕಿದರೆ ಸುಮಾರು 2 ಪಟ್ಟು ಸಿಗುತ್ತದೆ, ಅಂದರೆ ಸೆನ್ಸರಿನ ಮೇಲೆ ಬೀಳುವ ಬಿಂಬ ಹುಳದ ಎರಡರಷ್ಟು ದೊಡ್ಡದು. 6 ಮಿಲಿಮೀಟರಿನ ನೆಗೆಯುವ ಜೇಡ ನನ್ನ ಎಪಿಎಸ್-ಸಿ (ಸುಮಾರು 24 ಮಿಲಿಮೀಟರ್ ಅಗಲದ) ಸೆನ್ಸರಿನ ಅರ್ಧ ಅಗಲ ತುಂಬುತ್ತದೆ. ಅಪರ್ಚರ್ ಎಫ್/8 ಇಟ್ಟರೂ (ಎಫ್ ಸಂಖ್ಯೆ ಹೆಚ್ಚಿದಷ್ಟೂ ಕಂಡಿ ಕಿರಿದು) ಸೆನ್ಸರಿಗೆ ಬರುವ ಬೆಳಕು ಎಫ್/24ರ ಲೆಕ್ಕ. ಎಫ್/11 ದಾಟಿದರೆ ಚಿತ್ರದಲ್ಲಿ ಜೇಡದ ಕೂದಲೆಲ್ಲ ಮಸುಕಾಗುತ್ತದೆ. ಶಾರ್ಪ್ ಇರುವ ಜಾಗ ಕಾಲು ಮಿಲಿಮೀಟರ್ ಆಸುಪಾಸು. ಇಷ್ಟಕ್ಕೆಲ್ಲ ಮದ್ದು ಫ್ಲಾಶ್. ಫ್ಲಾಶ್ ಪವರ್ ಪೂರ್ತಿಯ 1/16, ಶಟರ್ 1/200 ಸೆಕೆಂಡ್. ಅಷ್ಟು ಕಡಿಮೆ ಪವರ್‌ನಲ್ಲಿ ಫ್ಲಾಶ್ ಬೆಳಗುವುದೇ ಹತ್ತಿರ ಹತ್ತಿರ 1/10000 ಸೆಕೆಂಡ್. ಚಿತ್ರ ಮೂಡುವುದು ಅಷ್ಟರೊಳಗೇ, ಕೈ ನಡುಗಿದರೆ ನಡುಗಲಿ. ಟ್ರೈಪಾಡ್ ಮೂಲೆ ಸೇರಿತು.

ನಿಜವಾದ ಗುದ್ದಾಟ ಡಿಫ್ಯೂಸರ್, ಅಂದರೆ ಫ್ಲಾಶ್ ಬೆಳಕನ್ನು ಹರಡಿ ಮೃದು ಮಾಡುವ ಪರದೆಯ ಜೊತೆ. ಟಿಶ್ಯೂ ಪೇಪರ್ ಮುಂಜಾನೆಯ ಇಬ್ಬನಿಗೆ ನೆನೆದು ಹರಿಯಿತು. ಥರ್ಮೋಕೋಲ್ ತುಂಬಾ ಬೆಳಕು ನುಂಗಿತು. ಈಗಿರುವುದು ಹಾಲುಬಿಳುಪಿನ ತೆಳು ಪ್ಲಾಸ್ಟಿಕ್ ಹಾಳೆ. ಲೆನ್ಸಿನ ಮೇಲಿಂದ ಮುಂದಕ್ಕೆ ಬಾಗಿಸಿ ಕಟ್ಟಿದ್ದೇನೆ, ಹುಳದ ತಲೆಯ ಮೇಲೆ ಚಪ್ಪರದ ಥರ ಬರಬೇಕು. ಒಳಗೆ ಇನ್ನೊಂದು ಪದರ ಇದೆ. ಅದೇನು ಅಂತ ಸದ್ಯಕ್ಕೆ ಹೇಳುವುದಿಲ್ಲ. ದುಡ್ಡು ಕೊಟ್ಟು ತರುವಂಥದ್ದಲ್ಲ, ಅಷ್ಟು ಹೇಳಬಲ್ಲೆ.

ಹಿಡಿಯುವ ರೀತಿ ಹೀಗೆ. ಜೇಡ ಕೂತ ಕಡ್ಡಿಯನ್ನು ಎಡಗೈಯ ಎರಡು ಬೆರಳಲ್ಲಿ ಹಿಡಿದು, ಲೆನ್ಸನ್ನು ಅದೇ ಕೈಯ ಮೇಲೆ ಊರುತ್ತೇನೆ. ಗಾಳಿಗೆ ಕಡ್ಡಿ, ಕ್ಯಾಮೆರಾ ಎರಡೂ ಒಟ್ಟಿಗೇ ಅಲ್ಲಾಡುತ್ತವೆ, ಫೋಕಸ್ ತಪ್ಪುವುದಿಲ್ಲ. ಜೇಡದ ನಡುವಿನ ಎರಡು ದೊಡ್ಡ ಕಣ್ಣು ಗಮನಿಸಿ. ಒಳಗಿನ ರೆಟಿನಾ ಅತ್ತಿತ್ತ ಸರಿಯುತ್ತಿರುತ್ತದೆ. ಅದು ನಮ್ಮನ್ನೇ ನೇರ ನೋಡಿದಾಗ ಕಣ್ಣು ಕಡುಕಪ್ಪಾಗುತ್ತದೆ. ಆಗಲೇ ಒತ್ತಬೇಕು. ಮೊದಲು ನೂರಕ್ಕೆ ಎರಡೋ ಮೂರೋ ಶಾರ್ಪ್ ಬರುತ್ತಿದ್ದವು, ಈಗ ಹದಿನೈದಿಪ್ಪತ್ತಕ್ಕೆ ಮೋಸವಿಲ್ಲ.

ನಡುವೆ ಸುಮ್ನೆ 200 ಎಂಎಂ ಲೆನ್ಸಿನ ಮೂತಿಗೆ 50 ಎಂಎಂ ಉಲ್ಟಾ ಕಟ್ಟಿಯೂ ನೋಡಿದೆ. 4 ಪಟ್ಟು! ಇರುವೆಯ ಕಣ್ಣಿನ ಜೇನುಗೂಡು ಕಾಣಿಸಿತು. ಮೂಲೆಗಳು ಕಪ್ಪು, ಭಾರ ಜಾಸ್ತಿ, ಬದುಕಿರುವ ಇರುವೆ ನಿಲ್ಲಬೇಕಲ್ಲ. ಹುಳವನ್ನು ಫ್ರಿಜ್ಜಿನಲ್ಲಿಟ್ಟು ತೆಗೆಯುವವರಿದ್ದಾರೆ. ನನಗದು ಸರಿ ಕಾಣುವುದಿಲ್ಲ. ಬೆಳಗಿನ ಚಳಿಗೆ ಏರೋಪ್ಲೇನ್ ಚಿಟ್ಟೆಗಳು ತಾವಾಗಿಯೇ ಮರಗಟ್ಟಿ ಕೂತಿರುತ್ತವೆ, ಸ್ವಲ್ಪ ಬೇಗ ಏಳಬೇಕು ಅಷ್ಟೇ.

ಇನ್ನೊಂದು ಮಾತು. ಉಲ್ಟಾ ಹಾಕಿದಾಗ ಲೆನ್ಸಿನ ಹಿಂಬದಿ ಗಾಜು ಹೊರಗೆ ಬರುತ್ತದೆ. ಫ್ಲಾಶ್ ಬೆಳಕು ಅದಕ್ಕೆ ಬಡಿದರೆ ಚಿತ್ರ ಬೆಳ್ಳಗೆ ಮಂಕಾಗುತ್ತದೆ. ಹಳೇ ಹಿಂಬದಿ ಕ್ಯಾಪಿನ ತಳ ಕತ್ತರಿಸಿ ಹಾಕಿ, ಅದೇ ಹುಡ್ (ಅಡ್ಡ ಬೆಳಕಿಗೆ ಮರೆ). ಹುಳಕ್ಕೂ ಲೆನ್ಸಿಗೂ ನಡುವಿನ ಜಾಗ ಸ್ವಲ್ಪ ಕಡಿಮೆಯಾಗುತ್ತದೆ, ಪರವಾಗಿಲ್ಲ.