ಬಜ್ಜಿಗೆ ಸೋಪಿನ ರುಚಿ ಬಂದ ಮೇಲೆ ಅಡುಗೆ ಸೋಡಾ ತೂಗಿ ನೋಡಿದೆ

ಮಂಡ್ಯದಲ್ಲಿ ನಾನು ಸಂಜೆ ಹೊತ್ತು ಬಜ್ಜಿ ಗಾಡಿ ಇಡುತ್ತೇನೆ. ಬಾಳೆಕಾಯಿ, ಮೆಣಸಿನಕಾಯಿ, ಈರುಳ್ಳಿ, ಮೂರೇ ಬಗೆ. ಒಮ್ಮೆ, ದಿನಾ ಬರುವ ಹುಡುಗ ಅರ್ಧ ತಿಂದು, "ಅಣ್ಣಾ, ಯಾಕೋ ಸೋಪು ತಿಂದಂಗೈತೆ" ಅಂದ. ನಾನೂ ಬಾಯಿಗೆ ಹಾಕಿ ನೋಡಿದೆ. ನಿಜ. ಬಜ್ಜಿಯ ಮೈಯೆಲ್ಲ ಕೆಂಪು ಚುಕ್ಕೆ ಬೇರೆ. ಚೆನ್ನಾಗಿ ಉಬ್ಬಲಿ ಅಂತ ಅವತ್ತು ಸೋಡಾ ಜಾಸ್ತಿ ಹಾಕಿದ್ದೆ.

ಮನೆಗೆ ಬಂದು, ಪಿಯುಸಿ ಓದುವ ಮಗಳನ್ನು ಕೇಳಿದೆ. "ಅಪ್ಪಾ, ಅದು ಸೋಡಿಯಂ ಬೈಕಾರ್ಬೊನೇಟ್" ಅಂತ ಬರೆದು ತೋರಿಸಿದಳು. ಸೋಡಿಯಂ ಒಂದು, ಹೈಡ್ರೋಜನ್ ಒಂದು, ಇಂಗಾಲ ಒಂದು, ಆಮ್ಲಜನಕ ಮೂರು. 84 ಗ್ರಾಂ ಸೋಡಾ ತಗೊಂಡರೆ ಅದರಲ್ಲಿ ಸೋಡಿಯಮ್ಮೇ 23 ಗ್ರಾಂ. ಕಾಯಿಸಿದರೆ ಇಂಗಾಲದ ಡೈಆಕ್ಸೈಡ್ ಮತ್ತು ನೀರಿನ ಆವಿ ಹೊರಟುಹೋಗುತ್ತವೆ, ಉಳಿಯುವುದು ಬಟ್ಟೆ ಸೋಡಾ ಅಂದಳು.

ಬಟ್ಟೆ ಸೋಡಾನಾ? ಕಣ್ಣಾರೆ ನೋಡಲೇಬೇಕು ಅನ್ನಿಸಿತು. ಅಂಗಡಿ ತಕ್ಕಡಿಯಲ್ಲಿ 50 ಗ್ರಾಂ ಅಡುಗೆ ಸೋಡಾ ತೂಗಿ, ಒಣ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಅರ್ಧ ಗಂಟೆ ಕೈಯಾಡಿಸಿದೆ. ಮೊದಮೊದಲು ಪುಡಿ ಕುದಿಯುವ ಹಾಗೆ ಅಲ್ಲಾಡುತ್ತಿತ್ತು, ಆಮೇಲೆ ಸುಮ್ಮನಾಯಿತು. ತಣ್ಣಗಾದ ಮೇಲೆ ತೂಗಿದರೆ 32 ಗ್ರಾಂ! ಮಗಳ ಲೆಕ್ಕ ಮೂವತ್ತೊಂದೂವರೆ. ಎರಡನ್ನೂ ಬೇರೆಬೇರೆ ಲೋಟದ ನೀರಿಗೆ ಹಾಕಿ ಅರಿಶಿನ ಬೆರೆಸಿದೆವು. ಹುರಿದದ್ದು ಕಡುಗೆಂಪಾಯಿತು, ಹುರಿಯದ್ದು ಅಷ್ಟಾಗಲಿಲ್ಲ. ಬಜ್ಜಿ ಹಿಟ್ಟಿನಲ್ಲೂ ಅರಿಶಿನ ಇತ್ತಲ್ಲ, ಮೇಲಿನ ಚುಕ್ಕೆ ಇದೇ ಅಲ್ವಾ!

ಗೋಳಿಬಜೆಗೂ ಸೋಡಾ ಹಾಕುತ್ತಾರೆ, ಅದಕ್ಕೆ ಈ ರುಚಿ ಯಾಕಿಲ್ಲ? ಅದರಲ್ಲಿ ಹುಳಿ ಮೊಸರಿದೆ. ಹುಳಿ ಸಿಕ್ಕರೆ ಸೋಡಾ ಅಲ್ಲೇ ನೊರೆ ಬಿಟ್ಟು ಮುಗಿದುಹೋಗುತ್ತದೆ, ಬಟ್ಟೆ ಸೋಡಾ ಆಗಲು ಏನೂ ಉಳಿಯುವುದಿಲ್ಲ. ನನ್ನ ಕಡಲೆಹಿಟ್ಟಿನಲ್ಲಿ ಹುಳಿಯೇ ಇರಲಿಲ್ಲ.

ಈಗ ಒಂದು ಕಿಲೋ ಹಿಟ್ಟಿಗೆ 4 ಗ್ರಾಂ ತೂಗಿಯೇ ಹಾಕುತ್ತೇನೆ. ಜೊತೆಗೆ ಒಂದು ಲೋಟ ಹುಳಿ ಮಜ್ಜಿಗೆ. ಅದೂ ಎಣ್ಣೆ ಕಾದ ಮೇಲೆ, ಕೊನೆಗೆ. ಮೊದಲೇ ಕಲಸಿಟ್ಟರೆ ಗಾಳಿಯೆಲ್ಲ ಹೋಗಿ ಹಿಟ್ಟು ಸಪ್ಪೆ ಕೂರುತ್ತದೆ.

ಆದರೆ ಏನೇ ಮಾಡಿದರೂ ಸೋಡಿಯಂ ಮಾತ್ರ ಎಲ್ಲೂ ಹೋಗುವುದಿಲ್ಲ, ಬಜ್ಜಿಯಲ್ಲೇ ಇರುತ್ತದೆ. ಉಪ್ಪಿನಲ್ಲೂ ಅದೇ ಸೋಡಿಯಂ ಇದೆ, ಅದಕ್ಕೇ ಉಪ್ಪನ್ನೂ ಸ್ವಲ್ಪ ಕಡಿಮೆ ಮಾಡಿದ್ದೇನೆ. ಬಿಪಿ ಇದೆ ಅನ್ನುವವರಿಗೆ, ಸೋಡಾ ಹಾಕುವ ಮುಂಚೆಯೇ ಒಂದು ಬಟ್ಟಲು ಹಿಟ್ಟು ಎತ್ತಿಟ್ಟು, ಒಂದು ಸೌಟು ಕಾದ ಎಣ್ಣೆ ಹಾಕಿ ಕಲಸಿ ಕರಿದು ಕೊಡುತ್ತೇನೆ.